ಎಲ್ಲವೂ ಸೇರಿದೆ, ನೀರಿನ ಲೆಕ್ಕವೊಂದನ್ನು ಬಿಟ್ಟು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಮದುವೆಯ ಹಂಗಾಮು ಮುಗಿಯುವ ಹೊತ್ತಿಗೆ ಮತ್ತೊಂದು ಹಂಗಾಮು ಆರಂಭವಾಗಿರುತ್ತದೆ. ಅಕ್ಷತೆಯ ಕಾಳು ತಲೆಯಿಂದ ಉದುರುವ ಮೊದಲೇ ನವದಂಪತಿಗಳು ಕಡಲತೀರದ ರೆಸಾರ್ಟಿಗೆ ಹೊರಟಿರುತ್ತಾರೆ. ಬಯಲುಸೀಮೆಯ ಈ ಊರುಗಳಿಗೆ ಕೈಗೆಟಕುವ ಕಡಲೆಂದರೆ ಗೋವಾದ್ದು. ಬೆಳಗಾವಿ ದಾಟಿ ಘಟ್ಟ ಇಳಿದರೆ ಮುಗಿಯಿತು. ಕೈಯಲ್ಲಿ ನಾಲ್ಕು ಕಾಸು ಹೆಚ್ಚಿದ್ದವರಿಗೆ ಮಾಲ್ಡೀವ್ಸ್ ಕೂಡ ಈಗ ದೂರವಲ್ಲ. ಮಾರಾಟವಾಗುತ್ತಿರುವ ಸರಕು ಎರಡೂ ಕಡೆ ಒಂದೇ. ಮೂರು ರಾತ್ರಿ, ನಾಲ್ಕು ಹಗಲು. ಕೋಣೆ, ಮೂರು ಹೊತ್ತಿನ ಊಟ, ಬೇಕಾದಷ್ಟು ಪಾನೀಯ, ಈಜುಕೊಳ, ಸಂಜೆಯ ಹಾಡು ಕುಣಿತ. ಎಲ್ಲಕ್ಕೂ ಸೇರಿಸಿ ಒಂದೇ ದರ, ಅದೂ ಮುಂಗಡ. ಒಳಗೆ ಕಾಲಿಟ್ಟೊಡನೆ ಮುಂಗೈಗೆ ಬಣ್ಣದ ಪಟ್ಟಿ; ಆಮೇಲೆ ಜೇಬಿಗೆ ಕೈ ಹಾಕುವ ಪ್ರಮೇಯವೇ ಇಲ್ಲ. ಪ್ರವಾಸೋದ್ಯಮದ ಭಾಷೆಯಲ್ಲಿ ಇದರ ಹೆಸರು ‘ಆಲ್ ಇನ್‌ಕ್ಲೂಸಿವ್’. ಕನ್ನಡದಲ್ಲಿ ಹೇಳುವುದಾದರೆ, ‘ಎಲ್ಲವೂ ಸೇರಿದೆ’.

ಈ ‘ಎಲ್ಲ’ ಎಂಬ ಪದವನ್ನೇ ಪ್ರಶ್ನಿಸಬೇಕಾಗಿದೆ. ದರಪಟ್ಟಿಯಲ್ಲಿ ಸೇರಿರುವುದಕ್ಕಿಂತ ಸೇರದೆ ಉಳಿದದ್ದೇ ಹೆಚ್ಚು. ನೆಲದಡಿಯಿಂದ ಎತ್ತಿದ ಸಿಹಿನೀರಿನ ಬೆಲೆ ಅದರಲ್ಲಿಲ್ಲ. ಕಡಲಿಗೆ ಹರಿದ ಕೊಳಚೆಯ ಬೆಲೆ ಇಲ್ಲ. ತಲೆಮಾರುಗಳಿಂದ ಬಲೆ ಹೊತ್ತು ನಡೆದ ದಾರಿಗೆ ಅಡ್ಡಲಾಗಿ ಎದ್ದ ಗೋಡೆಯ ಬೆಲೆ ಇಲ್ಲ. ಆ ಗೋಡೆ ಕಟ್ಟಲು ಗುಳೆ ಹೋದ ಗೌಂಡಿಯ ಬದುಕಿನ ಬೆಲೆಯಂತೂ ಇಲ್ಲವೇ ಇಲ್ಲ. ಈ ಲೆಕ್ಕಗಳನ್ನು ಹೊರಗಿಟ್ಟದ್ದರಿಂದಲೇ ಒಂದು ದರದಲ್ಲಿ ಎಲ್ಲವನ್ನೂ ಕೊಡಲು ಸಾಧ್ಯವಾಗಿದೆ.

ಮಣಿಸರದಿಂದ ಬಣ್ಣದ ಪಟ್ಟಿಯವರೆಗೆ

ಈ ಪದ್ಧತಿ ಹುಟ್ಟಿದ್ದು 1950ರಲ್ಲಿ. ಬೆಲ್ಜಿಯಂನ ಜೆರಾರ್ಡ್ ಬ್ಲಿಟ್ಜ್ ಎಂಬಾತ ಸ್ಪೇನಿನ ಮಜೋರ್ಕಾ ದ್ವೀಪದ ಅಲ್ಕೂದಿಯಾ ಕಡಲತೀರದಲ್ಲಿ ಡೇರೆಗಳನ್ನು ಹಾಕಿ ‘ಕ್ಲಬ್ ಮೆಡಿಟರೇನಿಯನ್’ ಆರಂಭಿಸಿದ. ಮಹಾಯುದ್ಧದಿಂದ ಬಳಲಿದ ಯುರೋಪಿನ ಸಾಮಾನ್ಯ ಜನರಿಗೆ ಒಂದಿಷ್ಟು ಬಿಸಿಲು, ಒಂದಿಷ್ಟು ಸಮಾನತೆ ಕೊಡುವ ಆಶಯ ಅದರ ಹಿಂದಿತ್ತು. ಅಲ್ಲಿ ಹಣ ಕಣ್ಣಿಗೆ ಬೀಳಬಾರದೆಂದು ಪಾನೀಯಕ್ಕೆ ಮಣಿಗಳಲ್ಲಿ ಬೆಲೆ ಕಟ್ಟುವ ರೂಢಿಯೂ ಬೆಳೆಯಿತು. ಹಣವನ್ನು ಕಣ್ಮರೆ ಮಾಡುವ ಆ ಉಪಾಯ ಕಡೆಗೆ ಹಣವಂತರ ಕೈಗೇ ಸೇರಿದ್ದು ಚರಿತ್ರೆಯ ವ್ಯಂಗ್ಯ. ಜಮೈಕಾದ ಓಚೋ ರಿಯೋಸ್‌ನಲ್ಲಿ 1978ರಲ್ಲಿ, ಮಾಂಟೆಗೋ ಬೇಯಲ್ಲಿ 1981ರಲ್ಲಿ ‘ಜೋಡಿಗಳಿಗೆ ಮಾತ್ರ’ ಎಂಬ ಫಲಕ ಹೊತ್ತ ಸರ್ವಸೇರಿತ ರೆಸಾರ್ಟುಗಳು ತೆರೆದವು. ಇಂದು ಇಳಕಲ್ಲಿನ ಬಸ್‌ನಿಲ್ದಾಣದ ಪಕ್ಕದ ಟ್ರಾವೆಲ್ಸ್ ಅಂಗಡಿಯವರೆಗೂ ಬಂದಿರುವುದು ಅದೇ ಮಾದರಿ.

ಅದು ಹೋದಲ್ಲೆಲ್ಲ ಏನು ಮಾಡಿತು? ಜಮೈಕಾದ 1956ರ ಕಡಲತೀರ ನಿಯಂತ್ರಣ ಕಾಯಿದೆ ಜನಸಾಮಾನ್ಯರಿಗೆ ಕಡಲತೀರದ ಸಾರ್ವತ್ರಿಕ ಹಕ್ಕನ್ನು ಕೊಟ್ಟಿರಲಿಲ್ಲ. ಆ ಬಿರುಕಿನಲ್ಲಿ ರೆಸಾರ್ಟುಗಳು ಸಾಲಾಗಿ ಎದ್ದವು. ಸ್ವಂತ ದೇಶದ ಕಡಲಿನಲ್ಲಿ ಮೀಯುವ ಹಕ್ಕಿಗಾಗಿ ಅಲ್ಲಿನ ಜನ ಇಂದಿಗೂ ಹೋರಾಡುತ್ತಿದ್ದಾರೆ. ಪಶ್ಚಿಮ ಆಫ್ರಿಕದ ಪುಟ್ಟ ದೇಶ ಗ್ಯಾಂಬಿಯಾದಲ್ಲಿ ಪ್ರವಾಸಿಗಳು ಗೇಟಿನಿಂದ ಹೊರಗೆ ಬರುವುದೇ ನಿಂತು, ಬೀದಿಯ ಹಣ್ಣಿನವರು, ಟ್ಯಾಕ್ಸಿಯವರು, ಸಣ್ಣ ಊಟದ ಮನೆಯವರು ದೂರಿತ್ತರು. ಸರ್ಕಾರ 1999ರಲ್ಲಿ ಇಂಥ ಪ್ಯಾಕೇಜುಗಳನ್ನೇ ನಿಷೇಧಿಸಿತು. ವಿದೇಶಿ ಪ್ರವಾಸ ಕಂಪನಿಗಳ ಒತ್ತಡದ ಮುಂದೆ ಆ ನಿಷೇಧ ಒಂದು ವರ್ಷದ ಆಚೆಗೆ ಬಾಳಲಿಲ್ಲ. ಒಂದು ಸ್ವತಂತ್ರ ರಾಷ್ಟ್ರದ ಸರ್ಕಾರಕ್ಕಿಂತ ಪ್ಯಾಕೇಜು ಮಾರುವವರ ಕೈ ಮೇಲಾದ ಕಥೆ ಇದು.

ಅರ್ಥಶಾಸ್ತ್ರಜ್ಞರು ಇದನ್ನು ‘ಸೋರಿಕೆ’ ಎನ್ನುತ್ತಾರೆ. ಪ್ರವಾಸಿ ಕೊಟ್ಟ ಹಣ ಅವನು ಬಂದ ಊರಿನಲ್ಲಿ ನಿಲ್ಲದೆ ಹೊರಗಿನ ಮಾಲೀಕರಿಗೆ, ಆಮದು ಸರಕಿಗೆ, ವಿಮಾನ ಕಂಪನಿಗೆ, ದಲ್ಲಾಳಿಗೆ ಹರಿದುಹೋಗುವುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಪ್ರಚುರಪಡಿಸಿದ ಅಂದಾಜಿನಂತೆ ಈ ಸೋರಿಕೆ ಕೆರಿಬಿಯನ್ ದ್ವೀಪಗಳಲ್ಲಿ ಶೇ. 80ರಷ್ಟು, ಭಾರತದಲ್ಲಿ ಶೇ. 40ರಷ್ಟು. ಒಡೆದ ಕಾಲುವೆಯ ಕೊನೆಯ ರೈತನಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡಲಿಗೆ ಬಾಗಿಲು ಇಟ್ಟವರು

ಗೋವಾದ ಜನ ಇದನ್ನು ಕಣ್ಣು ಮುಚ್ಚಿ ಒಪ್ಪಿಕೊಳ್ಳಲಿಲ್ಲ. 1987ರಲ್ಲಿಯೇ ‘ಜಾಗೃತ ಗೋಂಯ್ಕಾರಾಂಚಿ ಫೌಜ್’ ಎಂಬ ಸಂಘಟನೆ ದಾಬೋಲಿಮ್‌ನಲ್ಲಿ ಬಂದಿಳಿದ ಬಾಡಿಗೆ ವಿಮಾನದ ಪ್ರವಾಸಿಗಳ ಬಸ್ಸಿಗೆ ಸಗಣಿ ಎರಚಿ ಪ್ರತಿಭಟಿಸಿತ್ತು. ವಿಧಾನ ಒರಟಾಗಿರಬಹುದು. ಆದರೆ ಅವರು ಎತ್ತಿದ ಪ್ರಶ್ನೆಗಳು ನೀರು, ಭೂಮಿ ಮತ್ತು ಕಡಲಿನ ದಾರಿಗೆ ಸಂಬಂಧಿಸಿದ್ದವು. ಸುಮಾರು ನಾಲ್ಕು ದಶಕಗಳ ಬಳಿಕವೂ ಅವು ಹಳತಾಗಿಲ್ಲ.

ಪಣಜಿ ಸಮೀಪದ ದೋನಾ ಪಾವ್ಲಾದ ವೈಂಗಿಣಿ ಕಡಲತೀರದ ಪ್ರಕರಣವನ್ನು ಪರಿಸರ ಕಾರ್ಯಕರ್ತರೆಲ್ಲ ಬಾಯಿಪಾಠ ಮಾಡಿಕೊಳ್ಳಬೇಕು. ಅಲ್ಲಿ ಐಷಾರಾಮಿ ಹೋಟೆಲಿಗಾಗಿ ಸರ್ಕಾರವೇ ಭೂಮಿಯನ್ನು ಸ್ವಾಧೀನಪಡಿಸಿಕೊಂಡು ಕೊಟ್ಟಿತ್ತು. ಕಡಲಿಗೆ ಹೋಗುವ ಸಾರ್ವಜನಿಕ ದಾರಿಯನ್ನು ಮುಕ್ತವಾಗಿಡಬೇಕೆಂಬ ಷರತ್ತೂ ಇತ್ತು. ಹೋಟೆಲು ವಿಸ್ತರಣೆಯ ಹೆಸರಿನಲ್ಲಿ ಆ ದಾರಿಯ ಮೇಲೆಯೇ ಕಟ್ಟಡ ಎದ್ದಿತು. ಊರಿನವರು ನ್ಯಾಯಾಲಯದ ಮೆಟ್ಟಿಲೇರಿದರು. 2000ದಲ್ಲಿ ಹೈಕೋರ್ಟು, 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜನರ ಪರವಾಗಿ ತೀರ್ಪಿತ್ತವು. ಕಡಲತೀರದಂಥ ನೈಸರ್ಗಿಕ ಸಂಪತ್ತಿಗೆ ಸರ್ಕಾರ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ ಎಂಬುದು ಆ ತೀರ್ಪಿನ ತಿರುಳು. ಇದೇ ‘ಸಾರ್ವಜನಿಕ ನ್ಯಾಸ’ದ ತತ್ತ್ವವನ್ನು ಸುಪ್ರೀಂ ಕೋರ್ಟು 1996ರಲ್ಲಿಯೇ, ಹಿಮಾಚಲದ ಬಿಯಾಸ್ ನದಿಯ ಹರಿವನ್ನು ತಿರುಗಿಸಿದ ಒಂದು ಮೋಟೆಲಿನ ಪ್ರಕರಣದಲ್ಲಿ ಸ್ಥಾಪಿಸಿತ್ತು. ಕಾನೂನು ಹೀಗೆ ಸ್ಪಷ್ಟವಾಗಿದ್ದರೂ ಒಂದು ದಾರಿಯನ್ನು ಉಳಿಸಿಕೊಳ್ಳಲು ಜನ ವರ್ಷಗಟ್ಟಲೆ ಅಲೆಯಬೇಕಾಯಿತು. ನ್ಯಾಯಾಲಯಕ್ಕೆ ಹೋಗಲು ಶಕ್ತಿಯಿಲ್ಲದ ಬೆಸ್ತರ ಕೇರಿಗಳ ಗತಿ ಏನೆಂದು ಊಹಿಸಬಹುದು.

ಕಾಯಬೇಕಾದ ಕಾನೂನನ್ನೇ ಸಡಿಲಗೊಳಿಸುವ ಕೆಲಸವೂ ಜೊತೆಜೊತೆಗೆ ನಡೆದಿದೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ನಿರ್ಬಂಧ ವಿಧಿಸಿ, ಗ್ರಾಮೀಣ ಕರಾವಳಿಯ ಮೊದಲ 200 ಮೀಟರನ್ನು ನಿರ್ಮಾಣ ನಿಷಿದ್ಧ ವಲಯವೆಂದು ಸಾರಿತ್ತು. 2011ರಲ್ಲಿ ಹೊಸ ಅಧಿಸೂಚನೆ ಬಂತು. 2019ರ ಅಧಿಸೂಚನೆ, ಜನಸಾಂದ್ರತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚಿರುವ ಗ್ರಾಮೀಣ ಕರಾವಳಿಯಲ್ಲಿ ಆ 200 ಮೀಟರನ್ನು 50ಕ್ಕೆ ಇಳಿಸಿತು. ಜನ ಹೆಚ್ಚಿರುವ ಕಡೆಯೇ ಕಡಲಿಗೂ ಕಟ್ಟಡಕ್ಕೂ ಅಂತರ ಕಡಿಮೆ ಸಾಕೆನ್ನುವುದು ಯಾವ ವಿಜ್ಞಾನ?

ಈ ಸಡಿಲಿಕೆ ಎಲ್ಲರಿಗೂ ಒಂದೇ ತೆರನಾಗಿ ದಕ್ಕುವುದಿಲ್ಲ. ವಾಸ್ಕೋದ ಬೈನಾ ಕಡಲತೀರವನ್ನು ಉತ್ತರ ಕರ್ನಾಟಕದವರಿಗೆ ಪರಿಚಯಿಸಬೇಕಿಲ್ಲ. ಬರಗಾಲದಲ್ಲಿ ಗುಳೆ ಹೋಗಿ ಅಲ್ಲಿ ನೆಲೆಯೂರಿದ ಕನ್ನಡದ ಕೂಲಿಕಾರರ ಮನೆಗಳನ್ನು 2004ರಿಂದೀಚೆಗೆ ಹಲವು ಕಂತುಗಳಲ್ಲಿ ನೆಲಸಮ ಮಾಡಲಾಯಿತು. ಬಡವನ ಗುಡಿಸಲು ಕಡಲಿಗೆ ಹತ್ತಿರವಿದ್ದರೆ ಅದು ಒತ್ತುವರಿ. ಸಿರಿವಂತನ ಕೋಣೆ ಕಡಲಿಗೆ ಹತ್ತಿರವಿದ್ದರೆ ಅದು ‘ಸೀ ವ್ಯೂ’, ಅದಕ್ಕೆ ದರವೂ ಹೆಚ್ಚು. ಬಾಗಲಕೋಟೆಯಿಂದ ಹೋದ ಜೋಡಿ ಕಾಲಿಳಿಬಿಟ್ಟು ಕೂರುವ ಈಜುಕೊಳದ ಟೈಲ್ಸನ್ನು ಅದೇ ಸೀಮೆಯಿಂದ ಗುಳೆ ಹೋದ ಗೌಂಡಿಯೇ ಕೂರಿಸಿರಬಹುದು. ಸ್ನಾನದ ಮನೆಗೆ ಹಾಸಿದ ಕೆಂಪು ಕಲ್ಲು ಇಳಕಲ್ಲಿನ ಗಣಿಯದೇ ಇರಬಹುದು. ಕಲ್ಲಿಗೆ ಒಳಗೆ ಜಾಗವಿದೆ, ಕಲ್ಲು ಒಡೆದವನಿಗೆ ಇಲ್ಲ.

ಒಂದೇ ಬೆಟ್ಟದ ಎರಡು ನದಿಗಳು

ಮಲೆನಾಡಿನ ಪತ್ರಿಕೆಗೆ ಬಯಲುಸೀಮೆಯ ಜೋಡಿಯ ಪ್ರವಾಸದ ಗೊಡವೆ ಏಕೆಂದು ಓದುಗರು ಕೇಳಬಹುದು. ಉತ್ತರ ಖಾನಾಪುರದ ಕಾಡಿನಲ್ಲಿದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಸವದತ್ತಿಯ ನವಿಲುತೀರ್ಥದ ಅಣೆಕಟ್ಟು ದಾಟಿ, ಬಾದಾಮಿ ಸೀಮೆಯ ಪಟ್ಟದಕಲ್ಲನ್ನೂ ಹುನಗುಂದ ಸೀಮೆಯ ಐಹೊಳೆಯನ್ನೂ ಬಳಸಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ಸಹ್ಯಾದ್ರಿಯ ಮಗ್ಗುಲಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು ಗೋವಾದಲ್ಲಿ ಮಾಂಡವಿಯಾಗುತ್ತದೆ. ಪಣಜಿ, ಫೋಂಡಾ ಭಾಗಗಳಿಗೆ ಓಪಾದ ಶುದ್ಧೀಕರಣ ಘಟಕದಿಂದ ಹೋಗುವ ನೀರು ಖಾಂಡೇಪಾರ ನದಿಯದು. ಆ ನದಿ ಮಾಂಡವಿಯದೇ ಉಪನದಿ.

ಮಹದಾಯಿಯ ಉಪಹಳ್ಳಗಳಾದ ಕಳಸಾ, ಬಂಡೂರಿಗಳನ್ನು ಮಲಪ್ರಭೆಗೆ ತಿರುಗಿಸಬೇಕೆಂದು 2015ರಿಂದ ನರಗುಂದದಲ್ಲಿ ರೈತರು ವರ್ಷಗಟ್ಟಲೆ ಧರಣಿ ಕುಳಿತರು. 2016ರ ಜುಲೈಯಲ್ಲಿ ನ್ಯಾಯಮಂಡಳಿ ಮಧ್ಯಂತರ ಮನವಿಯನ್ನು ತಳ್ಳಿಹಾಕಿದಾಗ ನಾಡು ಬಂದ್ ಆಯಿತು, ನವಲಗುಂದದ ಯಮನೂರಿನಲ್ಲಿ ಲಾಠಿಗಳು ಬೀಸಿದವು. 2018ರ ಆಗಸ್ಟಿನ ಅಂತಿಮ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿತು; ಅದರ ಮೇಲೂ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಕಾಡು ಕಡಿದು ನದಿ ತಿರುಗಿಸುವುದು ಸರಿಯೇ ತಪ್ಪೇ ಎಂಬುದು ಬೇರೆಯೇ ಚರ್ಚೆ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಮಹದಾಯಿಯ ಹನಿಹನಿಗಾಗಿ ಬಂದ್ ಆಚರಿಸುವ ಸೀಮೆಯ ಮಧ್ಯಮ ವರ್ಗವೇ, ಅದೇ ನದಿಯ ಇನ್ನೊಂದು ತುದಿಯಲ್ಲಿ ನೀರನ್ನು ಲೆಕ್ಕವಿಲ್ಲದೆ ಚೆಲ್ಲುವ ಸೌಖ್ಯಕ್ಕೆ ಹಣ ಕಟ್ಟುತ್ತಿದೆ.

ಲೆಕ್ಕವನ್ನು ಇಟ್ಟೇ ನೋಡೋಣ. ಜಲಜೀವನ ಮಿಷನ್ ಹಳ್ಳಿಯ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಸಾಕೆಂದಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಪಂಚತಾರಾ ಹೋಟೆಲಿನ ಅತಿಥಿಗೆ ತಲಾ 320 ಲೀಟರ್ ಎಣಿಸುತ್ತದೆ. ಅಂದರೆ ಒಂದು ಜೋಡಿ ಮೂರು ದಿನಗಳಲ್ಲಿ ಬಳಸುವ 1920 ಲೀಟರ್ ನೀರಿನಲ್ಲಿ ಹುನಗುಂದದ ಹಳ್ಳಿಯೊಂದರ ಜೋಡಿ 17 ದಿನ ಬದುಕಬೇಕು. ಹುಲ್ಲುಹಾಸಿನ ಲೆಕ್ಕ ಬೇರೆಯೇ ಇದೆ. ಬೇಸಿಗೆಯಲ್ಲಿ ಹುಲ್ಲು ದಿನಕ್ಕೆ 5 ಮಿಲಿಮೀಟರ್ ನೀರು ಕುಡಿದರೂ ಒಂದು ಎಕರೆಗೆ 20,000 ಲೀಟರ್ ಬೇಕು. ಅದು 360 ಜನರ ಒಂದು ದಿನದ ಪಾಲು. 250 ಚದರ ಮೀಟರಿನ ಈಜುಕೊಳದಿಂದ ಉರಿಬಿಸಿಲಿನಲ್ಲಿ ದಿನಕ್ಕೆ 8 ಮಿಲಿಮೀಟರ್ ಆವಿಯಾದರೆ 2000 ಲೀಟರ್ ಗಾಳಿಗೆ ಹೋಯಿತು. ಎದುರಿಗೆ ಕಡಲೇ ಇರುವಾಗ ಈ ಕೊಳ ಯಾರಿಗಾಗಿ?

ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಬಾಗಲಕೋಟೆಯ ಎರೆಭೂಮಿಯಲ್ಲಿ ರೈತ ಮಳೆಗಾಲದ ತೇವವನ್ನೇ ಮಣ್ಣಿನಲ್ಲಿ ಹಿಡಿದಿಟ್ಟು, ಮೇಲಿನಿಂದ ಒಂದು ಕೊಡ ನೀರೂ ಹನಿಸದೆ ಹಿಂಗಾರಿ ಬಿಳಿಜೋಳ ಬೆಳೆಯುತ್ತಾನೆ. ಆ ಜಾಣ್ಮೆಗೆ ಯಾವ ತಾರೆಯ ಮನ್ನಣೆಯೂ ಇಲ್ಲ.

ಕಡಲತೀರದ ಸಿಹಿನೀರು ಇನ್ನೂ ನಾಜೂಕಿನದು. ಮರಳಿನಡಿಯಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರು ತೇಲುವ ಮಸೂರದಂತೆ ನಿಂತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಎತ್ತರಕ್ಕೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಅದು ಉಪ್ಪನ್ನು ತಡೆದಿಟ್ಟಿರುತ್ತದೆ. ಪಂಪು ಹಚ್ಚಿ ಮೇಲಿನ ಒಂದು ಮೀಟರನ್ನು ಎಳೆದರೆ ಕೆಳಗಿನ ಉಪ್ಪು ಕಾಲಕ್ರಮೇಣ 40 ಮೀಟರ್ ಮೇಲೇರುತ್ತದೆ. ನೆರೆಮನೆಯ ಬಾವಿ ಉಪ್ಪಾಗುವುದು ಹೀಗೆ. ಒಮ್ಮೆ ಉಪ್ಪಾದ ಬಾವಿ ಸಿಹಿಯಾಗಲು ಎಷ್ಟೋ ಮಳೆಗಾಲ ಬೇಕು. ಗೋವಾದ ಖಾಜನ್ ಗದ್ದೆಗಳಲ್ಲಿ ಕೊರ್ಗುಟ್ ಭತ್ತ, ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆದ ಜನ ಉಪ್ಪಿನೊಂದಿಗೆ ಬಾಳುವ ವಿದ್ಯೆಯನ್ನು ಶತಮಾನಗಳಿಂದ ಬಲ್ಲರು. ರೆಸಾರ್ಟಿನ ಪಂಪಿಗೆ ಆ ವಿದ್ಯೆ ಬೇಕಿಲ್ಲ. ಬಾವಿ ಉಪ್ಪಾದರೆ ಅದಕ್ಕೆ ಟ್ಯಾಂಕರ್ ಬರುತ್ತದೆ.

ಮೂರು ಸಮರ್ಥನೆಗಳು

ಇದಕ್ಕೆ ಬರುವ ಮೊದಲ ಉತ್ತರ: ದುಡಿದವರ ಹಣ, ಅವರಿಷ್ಟ. ಹಣ ಅವರದು ನಿಜ. ಆದರೆ ಅಂತರ್ಜಲ ಅವರದಲ್ಲ, ಕಡಲತೀರ ಅವರದಲ್ಲ. ಮಾರುವವನಿಗೆ ಒಡೆತನವಿಲ್ಲದ ವಸ್ತುವನ್ನು ಕೊಂಡವನಿಗೂ ಹಕ್ಕು ಬರುವುದಿಲ್ಲ ಎಂಬುದು ಸಂತೆಯ ನ್ಯಾಯವೂ ಹೌದು.

ಎರಡನೆಯದು ಉದ್ಯೋಗ. ರೆಸಾರ್ಟಿನಿಂದ ಕೆಲಸ ಸಿಗುತ್ತದೆ, ಅಲ್ಲಗಳೆಯಬೇಕಿಲ್ಲ. ಪ್ರಶ್ನೆ ಇರುವುದು ಎಂಥ ಕೆಲಸ ಮತ್ತು ಯಾವ ಕೆಲಸದ ಬದಲಿಗೆ ಎಂಬುದರಲ್ಲಿ. ಗೇಟಿನೊಳಗೆ ಕಸ ಗುಡಿಸುವ, ಹಾಸಿಗೆ ಮಡಿಸುವ ಹಂಗಾಮಿ ಕೂಲಿಗಾಗಿ ಗೇಟಿನ ಹೊರಗೆ ಮೀನಿನೂಟದ ಮನೆ, ಹಣ್ಣಿನ ಗಾಡಿ, ರಿಕ್ಷಾ, ದೋಣಿ ಇಟ್ಟುಕೊಂಡವರ ಸ್ವತಂತ್ರ ದುಡಿಮೆಯನ್ನು ಒತ್ತೆಯಿಡಬೇಕೆ? ಮಳೆಗಾಲದಲ್ಲಿ ಪ್ರವಾಸಿಗಳು ನಿಂತೊಡನೆ ಕೆಲಸವೂ ನಿಲ್ಲುತ್ತದೆ. ಕಳೆದುಕೊಂಡ ಗದ್ದೆ ಮಾತ್ರ ಮರಳುವುದಿಲ್ಲ.

ಮೂರನೆಯ ಮಾತು ಏಕಾಂತದ್ದು. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಹಿರಿಯರು, ನಾದಿನಿಯರು, ಬಂದು ಹೋಗುವ ಬೀಗರಿಂದ ತುಂಬಿದ ಮನೆಯಲ್ಲಿ ಹೊಸ ಜೋಡಿಗೆ ನಾಲ್ಕು ಮಾತಾಡಲು ಒಂದು ಮೂಲೆಯೂ ಸಿಗದು. ಮದುವೆಯ ಹಿಂದಿನ ದಿನದವರೆಗೂ ಒಬ್ಬರನ್ನೊಬ್ಬರು ಸರಿಯಾಗಿ ಕಂಡೇ ಇರದವರು ಎಷ್ಟೋ ಮಂದಿ. ಮೊದಲ ಬಾರಿ ಕಡಲು ಕಾಣುವ ಹೆಣ್ಣುಮಗಳ ಬೆರಗನ್ನು ಹೀಯಾಳಿಸುವ ಪರಿಸರವಾದ ಸಣ್ಣತನದ್ದು. ಜೋಡಿ ಹೋಗಲಿ, ಕಡಲು ನೋಡಲಿ, ನಾಲ್ಕು ದಿನ ಯಾರ ಕಣ್ಣಿಗೂ ಬೀಳದಿರಲಿ. ಏಕಾಂತಕ್ಕೆ ಬೇಕಾದದ್ದು ಚಿಲಕವಿರುವ ಒಂದು ಕೋಣೆ. ಅದಕ್ಕಾಗಿ ಒಂದು ಇಡೀ ಕಡಲತೀರಕ್ಕೆ ಚಿಲಕ ಹಾಕಬೇಕಿಲ್ಲ.

ಬನದ ಹುಣ್ಣಿಮೆಯ ಲೆಕ್ಕ

ಎಲ್ಲವೂ ಸೇರಿದ ಪ್ರವಾಸ ಯಾವುದೆಂದು ಬಾದಾಮಿಯ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. ಬನದ ಹುಣ್ಣಿಮೆಯಿಂದ ವಾರಗಟ್ಟಲೆ ನಡೆಯುವ ಬನಶಂಕರಿ ಜಾತ್ರೆಯಲ್ಲಿ ದೇವಿಯ ದರ್ಶನವಿದೆ, ನಾಟಕ ಕಂಪನಿಗಳ ಡೇರೆಗಳಿವೆ, ಮಿಠಾಯಿ ಬಳೆಗಳ ಸಾಲಿದೆ, ಹೊಸ ಮನೆ ಕಟ್ಟುವವರಿಗೆ ಬಾಗಿಲು ಚೌಕಟ್ಟುಗಳ ಸಂತೆಯೂ ಇದೆ. ಹೊಸ ಜೋಡಿಗಳು ಅಲ್ಲಿಗೂ ಬರುತ್ತವೆ. ಟೋಪ್ ತೆನಿ ಸೆರಗಿನ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಜಾತ್ರೆಗೆ ಕಳೆ ಕೊಡುತ್ತವೆ. ಗುಡಿಯ ಬಳಿ ಹೆಂಗಸರು ಬುಟ್ಟಿ ಇಳಿಸಿ ಕಟಿ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಕುಡಿಕೆಯ ಮೊಸರು ಬಡಿಸುತ್ತಾರೆ. ಆ ಊಟಕ್ಕೆ ಕೊಟ್ಟ ಹಣ ಅಂದೇ ಸಂಜೆ ಜೋಳ ಬೆಳೆದವನಿಗೆ, ಎಮ್ಮೆ ಕಟ್ಟಿದವಳಿಗೆ, ಕುಡಿಕೆ ಮಾಡಿದ ಕುಂಬಾರನಿಗೆ ಹಂಚಿಹೋಗುತ್ತದೆ. ಸೋರಿಕೆಯೆಂಬುದು ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಜಾತ್ರೆ ಶುದ್ಧವಾಗಿದೆಯೆಂದು ಇದರ ಅರ್ಥವಲ್ಲ. ಪ್ಲಾಸ್ಟಿಕ್ಕಿನ ರಾಶಿ, ಶೌಚಾಲಯದ ಕೊರತೆ, ಧೂಳು ಎಲ್ಲವೂ ಅಲ್ಲಿವೆ. ಆದರೆ ಅವು ಎಲ್ಲರ ಕಣ್ಣ ಮುಂದಿವೆ; ಪಂಚಾಯಿತಿಯಲ್ಲಿ ಜಗಳವಾಡಿ ಸರಿಪಡಿಸಬಹುದು. ಗೋಡೆಯೊಳಗಿನ ಹೊಲಸು ಯಾವ ಪಂಚಾಯಿತಿಯ ಕಣ್ಣಿಗೂ ಬೀಳುವುದಿಲ್ಲ.

ಗೋಡೆ ಇತ್ತ ಬರುವ ಮುನ್ನ

ಗೋವಾಕ್ಕೆ ಹೋದ ಜೋಡಿ ಮರಳಿ ಬರುತ್ತದೆ. ಆದರೆ ಅವರೊಂದಿಗೆ ಅಭಿರುಚಿಯೂ ಬರುತ್ತದೆ, ಅಭಿರುಚಿಯ ಹಿಂದೆ ಬಂಡವಾಳ ಬರುತ್ತದೆ. ಮಲೆನಾಡು ಇದನ್ನು ಕಂಡಿದೆ: ಹೋಂಸ್ಟೇ ಎಂದು ಆರಂಭವಾದದ್ದು ಗುಡ್ಡ ಕಡಿದ ರೆಸಾರ್ಟಾಗಿ ಬೆಳೆಯಿತು, 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಇಳಿಜಾರುಗಳನ್ನು ಬಗೆದ ರೀತಿಯ ಬಗ್ಗೆ ನಾಡು ತಡವಾಗಿ ಮಾತಾಡಿತು. ಬಾಗಲಕೋಟೆಯ ಪಕ್ಕದ ಕೊಪ್ಪಳ ಜಿಲ್ಲೆಯ ವಿರೂಪಾಪುರ ಗಡ್ಡೆಯ ಪಾಠ ಇನ್ನೂ ಹತ್ತಿರದ್ದು. ತುಂಗಭದ್ರೆಯ ನಡುಗಡ್ಡೆಯಲ್ಲಿ ಹಂಪಿಯ ನೆರಳಿನಲ್ಲಿ ಎದ್ದ ರೆಸಾರ್ಟುಗಳು ಅಕ್ರಮವೆಂದು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮಾರ್ಚಿಯಲ್ಲಿ ಅವು ನೆಲಸಮವಾದವು. ಕಟ್ಟಲು ಬಿಟ್ಟು ಆಮೇಲೆ ಕೆಡವಿದ್ದರಿಂದ ನದಿಯೂ ನೊಂದಿತು, ದುಡಿಮೆಗೆ ಸೇರಿದ್ದವರೂ ಬೀದಿಗೆ ಬಿದ್ದರು.

ಕೃಷ್ಣೆಯ ಹಿನ್ನೀರಿನ ಅಂಚು ಅಂಥ ಬಂಡವಾಳದ ಕಣ್ಣಿಗೆ ಬೀಳುವ ಜಾಗವೇ. ಆಲಮಟ್ಟಿಯ ನೀರು ನಿಂತ ನೆಲ ಯಾರದು? ಮುಳುಗಡೆ ಸಂತ್ರಸ್ತರದು. ಹಳೆಯ ಬಾಗಲಕೋಟೆಯ ಓಣಿಗಳನ್ನು, ನದಿದಂಡೆಯ ಹೊಲಗಳನ್ನು ಬಿಟ್ಟು ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹೋದವರು ‘ಸಾರ್ವಜನಿಕ ಉದ್ದೇಶ’ಕ್ಕಾಗಿ ಭೂಮಿ ಕೊಟ್ಟರು. ರಾಜಹಂಸಗಳು ಇಳಿಯುವ ಆ ಹಿನ್ನೀರಿನ ದಂಡೆಯನ್ನು ಗೋಡೆ ಕಟ್ಟಿ ಜೋಡಿಗಳಿಗೆ ಬಾಡಿಗೆಗೆ ಕೊಡುವುದು ಸಾರ್ವಜನಿಕ ಉದ್ದೇಶವಾಗಲಾರದು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ಜನ ಇನ್ನೊಂದು ಬಗೆಯ ನಿರ್ಬಂಧದಲ್ಲಿದ್ದಾರೆ. 2010ರ ತಿದ್ದುಪಡಿಯಾದ ಸ್ಮಾರಕ ಕಾಯಿದೆಯಂತೆ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಗುಡಿಗಳನ್ನು ಕಾಯಲು ಹೆಚ್ಚುವರಿ ಕೋಣೆಯ ಆಸೆಯನ್ನೂ ಬಿಟ್ಟ ಕುಟುಂಬಗಳ ಮುಂದೆಯೇ, 300 ಮೀಟರಿನ ಆಚೆ ಐಷಾರಾಮದ ಗೋಡೆ ಏಳುವುದಾದರೆ ಆ ತ್ಯಾಗಕ್ಕೆ ಅರ್ಥವೇನು? 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಅಂಗಳಕ್ಕೆ ನುಗ್ಗಿದ್ದನ್ನು ಕಂಡವರು ನದಿದಂಡೆಯ ನಿರ್ಮಾಣದ ಮಾತೆತ್ತಲೂ ಅಂಜಬೇಕು.

ಆದ್ದರಿಂದ ಬೇಡಿಕೆಗಳು ಈಗಲೇ ಸ್ಪಷ್ಟವಾಗಿರಬೇಕು. ಕೃಷ್ಣಾ, ಮಲಪ್ರಭಾ ದಂಡೆಗಳನ್ನೂ ಹಿನ್ನೀರಿನ ಅಂಚನ್ನೂ ಯಾವ ಖಾಸಗಿ ರೆಸಾರ್ಟಿಗೂ ಗುತ್ತಿಗೆ ಕೊಡಕೂಡದು. ಪ್ರವಾಸಿ ವಸತಿಗೆ ಅನುಮತಿ ನೀಡುವ ಮೊದಲು ನೀರಿನ ಮೂಲ, ದಿನದ ಬಳಕೆ, ಕೊಳಚೆಯ ವಿಲೇವಾರಿಗಳ ಲೆಕ್ಕವನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡಬೇಕು. ನದಿ, ಕೆರೆ, ಗುಡ್ಡ, ಗುಡಿಗಳಿಗೆ ಹೋಗುವ ರೂಢಿಯ ದಾರಿಗಳನ್ನು ಮೊದಲೇ ಗುರುತಿಸಿ ದಾಖಲೆಗೆ ಸೇರಿಸಬೇಕು. ವೈಂಗಿಣಿಯ ಜನರಿಗೆ ನ್ಯಾಯಾಲಯದಲ್ಲಿ ನೆರವಾದದ್ದು ಕಾಗದದ ಮೇಲಿದ್ದ ಷರತ್ತೇ. ಊರೊಳಗಿನ ಮನೆಗಳಲ್ಲಿ ಒಂದೆರಡು ಕೋಣೆ ಬಾಡಿಗೆಗೆ ಕೊಡುವ ಕುಟುಂಬಗಳಿಗೆ, ಖಾನಾವಳಿ ನಡೆಸುವ ಹೆಂಗಸರಿಗೆ ಪರವಾನಗಿ ಸರಳವಾಗಬೇಕು. ಮಾಲ್ಡೀವ್ಸ್‌ನಂಥ ರೆಸಾರ್ಟುಗಳ ನಾಡೇ 2009ರ ನಂತರ ಜನವಸತಿಯ ದ್ವೀಪಗಳಲ್ಲಿ ಸಣ್ಣ ಅತಿಥಿಗೃಹಗಳಿಗೆ ದಾರಿ ತೆರೆದಿರುವಾಗ, ಬಾದಾಮಿಗೆ ಅದು ಅಸಾಧ್ಯವೇನಲ್ಲ.

ಇನ್ನು ಹೊರಟು ನಿಂತ ಜೋಡಿಗಳಿಗೆ ಒಂದು ಮಾತು. ಕಡಲಿಗೆ ಹೋಗುವುದಾದರೆ ಕೋಣೆಯನ್ನಷ್ಟೇ ಬಾಡಿಗೆಗೆ ಹಿಡಿಯಿರಿ. ಊಟವನ್ನು ಬೀದಿಯಲ್ಲಿ ಮಾಡಿ, ದೋಣಿಯವನೊಂದಿಗೆ ದರ ಮಾತಾಡಿ, ಎಳನೀರನ್ನು ಗಾಡಿಯವನಿಂದಲೇ ಕೊಳ್ಳಿ. ಮುಂಗಡ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಕೊಳಚೆ ಎಲ್ಲಿಗೆ ಹೋಗುತ್ತದೆ? ಊರಿನವರು ಕಡಲಿಗೆ ಹೋಗುವ ದಾರಿ ಯಾವುದು? ಉತ್ತರ ಕೊಡಲಾರದ ಕಡೆಗೆ ಹಣ ಕಟ್ಟಬೇಡಿ.